ಕೊನೆಯ ತಟ್ಟೆಯ ಲೆಕ್ಕ

ನಮ್ಮ ಕಡೆ ಕುಬುಸದ ಊಟ ಎಂದರೆ ಕೇಳಬೇಡಿ. ಹಸಿರು ಸೀರೆ, ಹಸಿರು ಬಳೆ, ಹೋಳಿಗೆ, ಕಡುಬು, ನಾಲ್ಕಾರು ಬಗೆಯ ಪಲ್ಯ, ಓಣಿಯ ಹೆಂಗಸರ ಹಾಡು. ಆ ಒಂದು ದಿನ ಬಸುರಿಯನ್ನು ಮಣೆಯ ಮೇಲೆ ಕೂರಿಸಿ, ಒತ್ತಾಯ ಮಾಡಿ ಉಣಿಸುತ್ತೇವೆ. ಉಳಿದ ದಿನಗಳಲ್ಲಿ? ಗಂಡಸರು ಉಂಡು, ಮಕ್ಕಳು ಉಂಡು, ಹಿರಿಯರು ಉಂಡ ಮೇಲೆ ಪಾತ್ರೆಯ ತಳದಲ್ಲಿ ಉಳಿದಷ್ಟೇ ಅವಳ ಪಾಲು. ದಾಸೋಹಕ್ಕೆ ಹೆಸರಾದ ನೆಲ ನಮ್ಮದು. ಆದರೆ ಎಷ್ಟೋ ಮನೆಗಳಲ್ಲಿ ಕೊನೆಯ ತಟ್ಟೆ ಇಂದಿಗೂ ಸೊಸೆಯದೇ.

ಬಸವಕಲ್ಯಾಣದಲ್ಲಿ ಬಿ.ಇ. ಓದುವ ಇಪ್ಪತ್ತು ವರ್ಷದ ಹುಡುಗನಿಗೆ ಈ ಉಸಾಬರಿ ಯಾಕೆ ಎಂದು ಗೆಳೆಯರು ನಕ್ಕರು. ಕಾರಣ ಇದೆ. ಹುಮನಾಬಾದಿಗೆ ಮದುವೆಯಾಗಿ ಹೋದ ನನ್ನ ಅಕ್ಕನ ತಾಯಿ ಕಾರ್ಡಿನಲ್ಲಿ ಐದನೇ ತಿಂಗಳಿಗೆ ಹಿಮೋಗ್ಲೋಬಿನ್ 8.6 ಎಂದು ಬರೆದಿತ್ತು. ಗರ್ಭಿಣಿಗೆ ಅದು ಕನಿಷ್ಠ 11 ಇರಬೇಕು. 10ಕ್ಕಿಂತ ಕಡಿಮೆಯಾದರೆ ಮಧ್ಯಮ ರಕ್ತಹೀನತೆ, 7ಕ್ಕಿಂತ ಕೆಳಗಿಳಿದರೆ ತೀವ್ರ. ರಕ್ತ ಕಡಿಮೆ ಇರುವ ತಾಯಿಗೆ ಹೆರಿಗೆಯಲ್ಲಿ ಸಾಮಾನ್ಯವಾಗಿ ಆಗುವ ರಕ್ತಸ್ರಾವವೂ ಜೀವಕ್ಕೆ ಕುತ್ತಾಗಬಹುದು. ಮಗು ಅವಧಿಗೆ ಮೊದಲೇ ಹುಟ್ಟುವ, ತೂಕ ಕಡಿಮೆಯಾಗುವ ಭಯವೂ ಇದೆ.

ಅಕ್ಕ ಒಬ್ಬಳ ಕಥೆಯಲ್ಲ ಇದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ಶೇ 45.7ರಷ್ಟು ಮಂದಿಗೆ ರಕ್ತಹೀನತೆ ಇದೆ. ದೇಶದ ಮಟ್ಟದಲ್ಲಿ ಇದು ಶೇ 52.2. ಹೆಚ್ಚು ಕಡಿಮೆ ಇಬ್ಬರಲ್ಲಿ ಒಬ್ಬರು.

ಬೇಡಿಕೆ ಮತ್ತು ಪೂರೈಕೆಯ ಲೆಕ್ಕ ಹಾಕಿದರೆ ಕಾರಣ ತಿಳಿಯುತ್ತದೆ. ಬಸಿರಿನಲ್ಲಿ ತಾಯಿಯ ರಕ್ತದ ಪ್ರಮಾಣ ಸುಮಾರು ಅರ್ಧದಷ್ಟು ಹೆಚ್ಚುತ್ತದೆ. ಐಸಿಎಂಆರ್‌ 2020ರಲ್ಲಿ ಪರಿಷ್ಕರಿಸಿದ ಶಿಫಾರಸಿನಂತೆ ಗರ್ಭಿಣಿಗೆ ದಿನಕ್ಕೆ 350 ಕಿಲೊ ಕ್ಯಾಲೊರಿ ಹೆಚ್ಚುವರಿ ಶಕ್ತಿ ಬೇಕು. ಕೊನೆಯ ಮೂರು ತಿಂಗಳಲ್ಲಿ 22 ಗ್ರಾಂ ಹೆಚ್ಚುವರಿ ಪ್ರೊಟೀನ್ ಬೇಕು. ಕಬ್ಬಿಣದ ಅಂಶ ದಿನಕ್ಕೆ 27 ಮಿಲಿಗ್ರಾಂ. ಅಂದರೆ ‘ಇಬ್ಬರಿಗಾಗುವಷ್ಟು’ ಉಣ್ಣಬೇಕಿಲ್ಲ. ಎರಡು ರೊಟ್ಟಿ, ಒಂದು ಬಟ್ಟಲು ಬೇಳೆ, ಒಂದಿಷ್ಟು ಸೊಪ್ಪು ಹೆಚ್ಚಾದರೆ ಶಕ್ತಿಯ ಲೆಕ್ಕ ಸರಿಹೋಗುತ್ತದೆ. ಕಬ್ಬಿಣದ ಲೆಕ್ಕ ಮಾತ್ರ ಊಟವೊಂದರಿಂದಲೇ ತುಂಬುವುದು ಕಷ್ಟ. ಅದಕ್ಕೇ ಮಾತ್ರೆ.

ಆದರೆ ಮನೆಯಲ್ಲಿ ನಡೆಯುವ ಲೆಕ್ಕವೇ ಬೇರೆ. ‘ಭಾಳ ಉಂಡ್ರ ಕೂಸು ದೊಡ್ಡದಾಗ್ತದ, ಹೆರಿಗಿಗೆ ತ್ರಾಸ ಆಗ್ತದ’ ಎಂದರು ಅಕ್ಕನ ಅತ್ತೆ. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ಅವರಿಗೂ ಅವರ ಅತ್ತೆ ಅದನ್ನೇ ಹೇಳಿದ್ದರು. ‘ಆ ಕೆಂಪು ಗುಳಿಗಿ ತಗೊಂಡ್ರ ಕೂಸು ಕಪ್ಪಗಾಗ್ತದಂತ’ ಎಂದು ಓಣಿಯವರು ಬೇರೆ ಹೆದರಿಸಿದ್ದರು. ಎರಡಕ್ಕೂ ಆಧಾರವಿಲ್ಲ. ಮಗುವಿನ ಬಣ್ಣಕ್ಕೂ ಮಾತ್ರೆಗೂ ಸಂಬಂಧವೇ ಇಲ್ಲ. ಮಾತ್ರೆಯಿಂದ ಕಪ್ಪಗಾಗುವುದು ಮಲ ಮಾತ್ರ, ಅದಕ್ಕೆ ಹೆದರಬೇಕಿಲ್ಲ. ತಾಯಿ ಕಡಿಮೆ ಉಂಡರೆ ಹೆರಿಗೆ ಹಗುರಾಗುವುದಿಲ್ಲ. ಮಗು ಎರಡೂವರೆ ಕಿಲೊಗಿಂತ ಕಡಿಮೆ ತೂಕದಲ್ಲಿ ಹುಟ್ಟುವ ಅಪಾಯ ಹೆಚ್ಚುತ್ತದೆ, ಅಷ್ಟೆ.

ಊಟ ಹಾಕಲು ಸರ್ಕಾರವೂ ಇದೆ. 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಆರಂಭವಾದ ‘ಮಾತೃಪೂರ್ಣ’ ಯೋಜನೆ ಗರ್ಭಿಣಿ ಮತ್ತು ಬಾಣಂತಿಯರಿಗೆ ತಿಂಗಳಿಗೆ 25 ದಿನ ಅಂಗನವಾಡಿಯಲ್ಲೇ ಬಿಸಿಯೂಟ ಕೊಡುವ ಯೋಜನೆ. ಅನ್ನ, ಸಾಂಬಾರು, ಪಲ್ಯ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ಮೊಟ್ಟೆ ತಿನ್ನದವರಿಗೆ ಮೊಳಕೆಕಾಳು. ನಮ್ಮ ಗಡಿಯಾಚೆಯ ತೆಲಂಗಾಣದಲ್ಲಿ ‘ಆರೋಗ್ಯ ಲಕ್ಷ್ಮಿ’ ಹೆಸರಿನಲ್ಲಿ ಇಂಥದ್ದೇ ಯೋಜನೆ 2015ರಿಂದ ಇದೆ. ಮೊದಲು ರೇಷನ್ ಮನೆಗೇ ಕೊಡುತ್ತಿದ್ದರು. ಆ ಕಾಳು-ಬೇಳೆ ಮನೆಮಂದಿಯ ಪಾತ್ರೆಗೆಲ್ಲ ಹಂಚಿಹೋಗುತ್ತಿತ್ತು. ಅಂಗನವಾಡಿಯಲ್ಲೇ ಕೂತು ಉಣ್ಣಲಿ ಎನ್ನುವುದರ ಹಿಂದಿನ ತರ್ಕ ಇದು.

ತರ್ಕ ಸರಿ, ದಾರಿ ಕಷ್ಟ. ಬಸುರಿ ಸೊಸೆ ಹಗಲು ಹೊತ್ತಿನಲ್ಲಿ ಓಣಿ ದಾಟಿ ಊಟಕ್ಕೆ ಹೋಗುವುದೆಂದರೆ ‘ಮನ್ಯಾಗ ಕೂಳಿಲ್ಲೇನು?’ ಎಂಬ ಮಾತು. ಬಿಸಿಲು, ದೂರ, ನಾಚಿಕೆ, ಯಾರ ಕೈ ಅಡುಗೆಯೋ ಎಂಬ ಹಳೆಯ ಜಾತಿ ರೋಗ. ಹೊಲದ ಕೂಲಿಗೆ ಹೋಗುವವಳಿಗಂತೂ ನಡುಹಗಲಲ್ಲಿ ಬಿಟ್ಟುಬರಲು ಆಗದು. ಅಕ್ಕನೂ ನಾಚಿಕೊಂಡು ಮನೆಯಲ್ಲೇ ಉಳಿದಿದ್ದಳು. ಆಶಾ ಕಾರ್ಯಕರ್ತೆ ಎರಡು ಸಲ ಬಂದು ಹೇಳಿದರೂ ಕೇಳಿರಲಿಲ್ಲ.

ದಾರಿ ತೆರೆದದ್ದು ಅತ್ತೆಯಿಂದಲೇ. ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳ 9ರಂದು ಗರ್ಭಿಣಿಯರಿಗೆ ವಿಶೇಷ ಉಚಿತ ತಪಾಸಣೆ ಇರುತ್ತದೆ. ಆ ದಿನ ನಾನು ಬಸವಕಲ್ಯಾಣದಿಂದ ಬಸ್ಸಿನಲ್ಲಿ ಹೋಗಿ ಅತ್ತೆಯನ್ನೂ ಜೊತೆಗೆ ಕರೆದುಕೊಂಡು ಹೋದೆ. ವೈದ್ಯೆ ಅವರನ್ನೇ ಎದುರಿಗೆ ಕೂರಿಸಿಕೊಂಡು, ಹೆರಿಗೆಯಲ್ಲಿ ಎಷ್ಟು ರಕ್ತ ಹೋಗುತ್ತದೆ, 8.6 ಇದ್ದವಳಿಗೆ ಏನಾಗಬಹುದು ಎಂದು ವಿವರಿಸಿದರು. ದಿನಕ್ಕೆ ಎರಡು ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಅತ್ತೆ ದಾರಿಯುದ್ದಕ್ಕೂ ಮಾತಾಡಲಿಲ್ಲ. ಮರುದಿನ ಮಧ್ಯಾಹ್ನ, ‘ನಡಿಯವ್ವಾ, ನಾನೂ ಬರ್ತೀನಿ’ ಎಂದು ಅಕ್ಕನನ್ನು ಅಂಗನವಾಡಿಗೆ ಕರೆದೊಯ್ದರು. ಅತ್ತೆಯೇ ಜೊತೆಗೆ ಬಂದ ಮೇಲೆ ಓಣಿಯವರು ಏನು ಹೇಳಿಯಾರು?

ಉಳಿದ ಎರಡು ಹೊತ್ತಿನ ಊಟಕ್ಕೂ ದುಬಾರಿ ಡಬ್ಬಿಯ ಪುಡಿ ಬೇಕಿಲ್ಲ. ಬೀದರ್ ಜಿಲ್ಲೆ ತೊಗರಿ, ಹೆಸರು, ಉದ್ದು, ಕಡಲೆ ಬೆಳೆಯುವ ನೆಲ. ಪುಂಡಿ ಪಲ್ಯ, ಮೆಂತ್ಯ, ರಾಜಗಿರಿ ಸೊಪ್ಪು ಸಂತೆಯಲ್ಲಿ ಸಿಗುತ್ತವೆ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಕೂತು ತಿನ್ನುವ ಭಜ್ಜಿ, ಸಜ್ಜೆ ರೊಟ್ಟಿ ನೆನಪಿಸಿಕೊಳ್ಳಿ. ಹಸಿ ಕಾಳು, ಸೊಪ್ಪು, ತರಕಾರಿ ಎಲ್ಲವೂ ಒಂದೇ ಪಾತ್ರೆಯಲ್ಲಿ. ಬಿಳಿ ಅನ್ನಕ್ಕಿಂತ ಸಜ್ಜೆಯಲ್ಲಿ ಕಬ್ಬಿಣ ಎಷ್ಟೋ ಪಟ್ಟು ಹೆಚ್ಚು. ವರ್ಷಕ್ಕೊಮ್ಮೆ ಹಬ್ಬಕ್ಕೆ ಮಾಡುವುದನ್ನು ವಾರಕ್ಕೆರಡು ಸಲ ಮಾಡಿದರೆ ಯಾರು ಬೇಡ ಎನ್ನುತ್ತಾರೆ?

ಒಂದೇ ಎಚ್ಚರ, ಚಹಾ. ಊಟವಾದ ಕೂಡಲೇ ಚಹಾ ಕುಡಿಯುವುದು ನಮ್ಮ ಕಡೆಯ ಚಟ. ಅದು ಊಟದ ಕಬ್ಬಿಣವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತದೆ. ಒಂದೆರಡು ಗಂಟೆ ಅಂತರ ಇರಲಿ. ಕಬ್ಬಿಣದ ಮಾತ್ರೆಯನ್ನು ಹಾಲು, ಚಹಾ ಅಥವಾ ಕ್ಯಾಲ್ಸಿಯಂ ಮಾತ್ರೆಯ ಜೊತೆ ನುಂಗಬಾರದು. ಲಿಂಬೆ ಪಾನಕದ ಜೊತೆ ಒಳ್ಳೆಯದು. ಪಲ್ಯಕ್ಕೂ ಲಿಂಬೆ ಹಿಂಡಿ, ಪೇರಲ ಹಣ್ಣು ಕೊಡಿ. ವಾಕರಿಕೆ, ಮಲಬದ್ಧತೆ ಎಂದು ಮಾತ್ರೆ ಬಿಡದೆ ವೈದ್ಯರನ್ನು ಕೇಳಿ.

ಏಳನೇ ತಿಂಗಳ ಕೊನೆಗೆ ಅಕ್ಕನ ಕಾರ್ಡಿನಲ್ಲಿ 10.1 ಎಂದು ಬರೆದರು. ಇನ್ನೂ 11 ಆಗಿಲ್ಲ, ಆದರೆ ಮೆಟ್ಟಿಲು ಹತ್ತುವಾಗ ಈಗ ಏದುಸಿರು ಬಿಡುವುದಿಲ್ಲ.

ಈ ಪುಟ ಓದುವ ಗೆಳತಿಯರಿಗೂ ಒಂದು ಮಾತು. ರಕ್ತಹೀನತೆ ಬಸಿರಿನೊಂದಿಗೆ ಶುರುವಾಗುವುದಿಲ್ಲ. ಬೆಳಗಿನ ತಿಂಡಿ ಬಿಟ್ಟು ಬಸ್ ಹಿಡಿಯುವ, ಹಾಸ್ಟೆಲಿನಲ್ಲಿ ಚಹಾ-ಬಿಸ್ಕತ್ತಿನಲ್ಲೇ ಓದುವ ದಿನಗಳಲ್ಲಿಯೇ ಶುರುವಾಗಿರುತ್ತದೆ. ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ.

ಗೆಳೆಯರೇ, ನೌಕರಿಯ ಅರ್ಜಿ ತುಂಬುವ ಅದೇ ಫೋನಿನಲ್ಲಿ ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯ ಅರ್ಜಿಯನ್ನೂ ತುಂಬಬಹುದು. ಮೊದಲ ಹೆರಿಗೆಗೆ ₹5,000, ಎರಡನೆಯದು ಹೆಣ್ಣು ಮಗುವಾದರೆ ₹6,000 ಖಾತೆಗೆ ಬರುತ್ತದೆ. ಅಕ್ಕ, ಅತ್ತಿಗೆ, ಪಕ್ಕದ ಮನೆಯ ಚಿಗವ್ವ, ಯಾರೇ ಇರಲಿ, ಅವರ ತಾಯಿ ಕಾರ್ಡ್ ಕೇಳಿ ನೋಡಿ. ಹಿಮೋಗ್ಲೋಬಿನ್ ಎಷ್ಟಿದೆ, ತೂಕ ಏರಿದೆಯೇ, ಮಾತ್ರೆ ಎಷ್ಟು ಉಳಿದಿವೆ ಎಂದು ವಿಚಾರಿಸಿ. ಇವತ್ತು ರಾತ್ರಿ ಊಟಕ್ಕೆ ಕೂರುವಾಗ ಮೊದಲ ತಟ್ಟೆ ಅವರಿಗೆ ಬಡಿಸಿ.