ತಂತಿ ಹರಿಯುವ ಮೊದಲೇ

ಜಾತ್ರೆಯ ರಸಮಂಜರಿಯಲ್ಲಿ ಗಿಟಾರಿನ ತಂತಿ ಹರಿದರೆ ಅದು ಬಹುಮಟ್ಟಿಗೆ ಮೊದಲನೆಯದು, ಎಲ್ಲಕ್ಕಿಂತ ತೆಳ್ಳಗಿನದು. ಹೆಚ್ಚಿನವರು ಬಳಸುವ ಸೆಟ್ಟಿನಲ್ಲಿ ಅದರ ದಪ್ಪ 0.254 ಮಿಲಿಮೀಟರ್, ಅಂದರೆ ಇಂಚಿನ ನೂರನೇ ಒಂದು ಪಾಲು. ಸ್ವರಕ್ಕೆ ಸರಿಯಾಗಿ ಕೂತಾಗ ಆ ಎಳೆ ಏಳು ಕಿಲೊಗೂ ಮೀರಿದ ಬಿಗಿತವನ್ನು ತಡೆದುಕೊಂಡಿರುತ್ತದೆ. ಆರೂ ತಂತಿ ಸೇರಿದರೆ ಗಿಟಾರಿನ ಕತ್ತಿನ ಮೇಲೆ ಬೀಳುವ ಜಗ್ಗು ಸುಮಾರು 47 ಕಿಲೊ. ಇಷ್ಟು ಭಾರ ಹೊತ್ತ ತಂತಿಗೆ ಬೆವರು, ದೂಳು, ಬಿಸಿಲು ತಾಗುತ್ತಲೇ ಇರುತ್ತದೆ. ಅದಕ್ಕೂ ಒಂದು ಆಯುಷ್ಯ ಉಂಟು, ಮತ್ತು ಅದು ಹರಿಯುವ ದಿನಕ್ಕಿಂತ ಎಷ್ಟೋ ಮೊದಲೇ ಮುಗಿದಿರುತ್ತದೆ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಇವತ್ತಿನ ಹೊಸ ವಸ್ತುವೇನಲ್ಲ. ಜಾತ್ರೆ, ಗಣಪತಿ ಹಬ್ಬ, ಮದುವೆ ಆರತಕ್ಷತೆ ಎಂದರೆ ಆರ್ಕೆಸ್ಟ್ರಾ ಬೇಕು. ಆರ್ಕೆಸ್ಟ್ರಾ ಎಂದರೆ ಕೀಬೋರ್ಡ್, ಪ್ಯಾಡ್, ಢೋಲಕ್, ಮೂಲೆಯಲ್ಲಿ ಒಬ್ಬ ಗಿಟಾರಿನವನು. ಅವನ ಕಡೆ ನೋಡುವವರು ಕಡಿಮೆ. ಹಾಡುವವರಿಗೆ ಚಪ್ಪಾಳೆ, ಕೀಬೋರ್ಡಿನವರಿಗೆ ಹೆಸರು. ಗಿಟಾರಿನ ದನಿ ಮಂಕಾಗಿ ಕೇಳಿದಾಗ ಮಾತ್ರ ಎಲ್ಲರ ಕಣ್ಣು ಅತ್ತ ಹೊರಳುತ್ತದೆ, ಮರುಗಳಿಗೆಯಲ್ಲಿ ಮೈಕ್ ಸೆಟ್ಟಿನವನ ಮೇಲೆ ತಪ್ಪು ಬೀಳುತ್ತದೆ. ಆಂಪ್ಲಿಫೈಯರಿನ ಗುಂಡಿ ತಿರುಗಿಸಿ, ವಯರ್ ಬದಲಿಸಿ, ಕೊನೆಗೆ ಕೈಚೆಲ್ಲುತ್ತಾರೆ. ಆರು ತಿಂಗಳಿನಿಂದ ಬದಲಾಗದ ತಂತಿಯನ್ನು ಯಾರೂ ಅನುಮಾನಿಸುವುದಿಲ್ಲ.

ಸತ್ತ ತಂತಿಯನ್ನು ಗುರುತಿಸುವುದು ಕಷ್ಟವಲ್ಲ. ತಂತಿಯ ಅಡಿಯಲ್ಲಿ ಉಗುರನ್ನು ಮೆಲ್ಲಗೆ ಎಳೆಯಿರಿ. ಫ್ರೆಟ್ಟುಗಳ, ಅಂದರೆ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳ ಮೇಲೆ ಪದೇ ಪದೇ ಒತ್ತಿ ಬಿದ್ದ ಕಚ್ಚುಗಳು ತಗಲುತ್ತವೆ. ಇನ್ನೊಂದು ಪರೀಕ್ಷೆ ಕಿವಿಯದು. ಹನ್ನೆರಡನೇ ಫ್ರೆಟ್ ತಂತಿಯ ನಟ್ಟನಡುವೆ ಇರುತ್ತದೆ. ಅಲ್ಲಿ ಬೆರಳನ್ನು ಸುಮ್ಮನೆ ಸೋಕಿಸಿ ಮೀಟಿದರೆ ಬರುವ ಸ್ವರ, ಅದೇ ಜಾಗದಲ್ಲಿ ಒತ್ತಿ ಹಿಡಿದು ಮೀಟಿದರೆ ಬರುವ ಸ್ವರ, ಎರಡೂ ಕೂಡಬೇಕು. ಹಿಂದೆ ಕೂಡುತ್ತಿದ್ದವು ಈಗ ಬೇರೆ ಬೇರೆ ಕೇಳಿದರೆ ತಂತಿಯ ಮೈ ಎಲ್ಲೆಡೆ ಒಂದೇ ತೂಕದ್ದಾಗಿ ಉಳಿದಿಲ್ಲ ಎಂದರ್ಥ. ಒಂದು ಕಡೆ ತುಕ್ಕು ತಿಂದಿದೆ, ಮತ್ತೊಂದು ಕಡೆ ಕೊಳೆ ಮೆತ್ತಿದೆ. ಅಂಥ ತಂತಿಯನ್ನು ಎಷ್ಟು ಸಲ ಶ್ರುತಿ ಮಾಡಿದರೂ ಮೇಲಿನ ಸ್ವರಗಳು ಹಾದಿ ತಪ್ಪುತ್ತವೆ.

ತಂತಿಯ ಸ್ವರ ಮೂರು ಸಂಗತಿಗಳ ಮೇಲೆ ನಿಂತಿದೆ: ಉದ್ದ, ಬಿಗಿತ, ತೂಕ. ಫ್ರಾನ್ಸಿನ ಮರ್ಸೆನ್ ಇದನ್ನು 1636ರಲ್ಲಿ ಲೆಕ್ಕವಾಗಿ ಬರೆದಿಟ್ಟ. ಗಿಟಾರಿನ ಆರೂ ತಂತಿಗಳ ಉದ್ದ ಒಂದೇ, ಸ್ಟ್ರಾಟೊಕಾಸ್ಟರ್ ಮಾದರಿಯಲ್ಲಿ ಸುಮಾರು 648 ಮಿಲಿಮೀಟರ್. ಬಿಗಿತವೂ ಹೆಚ್ಚು ಕಡಿಮೆ ಒಂದೇ ಇರಬೇಕು, ಇಲ್ಲದಿದ್ದರೆ ಬೆರಳಿಗೆ ಒಂದು ತಂತಿ ಗಡುಸು, ಒಂದು ಜೋಲು ಅನಿಸುತ್ತದೆ. ಹಾಗಾಗಿ ಸ್ವರ ಇಳಿಸಲು ಉಳಿಯುವ ದಾರಿ ತೂಕ ಏರಿಸುವುದೊಂದೇ. ಬರೀ ದಪ್ಪ ಸರಳನ್ನೇ ಹಾಕಿದರೆ ಅದು ಬಾಗುವುದಿಲ್ಲ, ದನಿ ಮೊಂಡಾಗುತ್ತದೆ. ಇದಕ್ಕೆ ಕಂಡುಕೊಂಡ ಉಪಾಯವೇ ಸುತ್ತು ತಂತಿ: ಒಳಗೆ ಉಕ್ಕಿನ ತೆಳು ಎಳೆ, ಅದರ ಮೇಲೆ ಒತ್ತೊತ್ತಾಗಿ ಸುತ್ತಿದ ಮತ್ತೊಂದು ಎಳೆ. ತೂಕವೂ ಬಂತು, ಬಳುಕೂ ಉಳಿಯಿತು. ಬಹಳಷ್ಟು ಸೆಟ್ಟುಗಳಲ್ಲಿ ಒಳಗಿನ ಎಳೆ ದುಂಡಗಿರದೆ ಆರು ಮೂಲೆಯದಾಗಿರುತ್ತದೆ. ಸುತ್ತಿದ ಎಳೆ ಜಾರದಂತೆ ಆ ಮೂಲೆಗಳು ಕಚ್ಚಿ ಹಿಡಿಯುತ್ತವೆ. ಆರರಲ್ಲಿ ದಪ್ಪನೆಯ ಮೂರು ಸುತ್ತು ತಂತಿ, ತೆಳ್ಳಗಿನ ಮೂರು ಬರಿ ತಂತಿ. ಸುತ್ತು ತಂತಿಯ ಸಂದುಗಳಲ್ಲೇ ಬೆವರು, ಕೊಳೆ ಇಳಿದು ಕೂರುವುದು.

ಎಲೆಕ್ಟ್ರಿಕ್ ಗಿಟಾರಿಗೆ ಇನ್ನೊಂದು ಕಟ್ಟುಪಾಡಿದೆ. ಇಲ್ಲಿ ದನಿಯನ್ನು ಹಿಡಿಯುವುದು ಮೈಕ್ ಅಲ್ಲ, ಪಿಕಪ್. ಆಯಸ್ಕಾಂತದ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಅದರ ಮೇಲೆ ಉಕ್ಕಿನ ತಂತಿ ನಡುಗಿದರೆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಫ್ಯಾರಡೆ 1831ರಲ್ಲಿ ತೋರಿಸಿದ ತತ್ವವನ್ನು ಸರಿಯಾಗಿ ನೂರು ವರ್ಷದ ಮೇಲೆ ಅಮೆರಿಕದ ಜಾರ್ಜ್ ಬೋಶಾಮ್ ಗಿಟಾರಿಗೆ ಅಳವಡಿಸಿದ. ಪೇಟೆಂಟ್ ಸಿಕ್ಕಿದ್ದು 1937ರಲ್ಲಿ. ಹೀಗಾಗಿ ಆಯಸ್ಕಾಂತಕ್ಕೆ ಒಲಿಯುವ ಲೋಹವೇ ಬೇಕು. ನೈಲಾನ್ ತಂತಿ ಹಾಕಿದರೆ ಪಿಕಪ್ಪಿಗೆ ಏನೂ ಕೇಳಿಸುವುದಿಲ್ಲ. ಅಕೌಸ್ಟಿಕ್ ಗಿಟಾರಿನ ಕಂಚಿನ ಸುತ್ತಿನ ಸೆಟ್ ಹಾಕಿದರೆ ತೆಳು ತಂತಿಗಳು ಅಬ್ಬರಿಸುತ್ತವೆ, ದಪ್ಪ ತಂತಿಗಳು ಹಿಂದೆ ಬೀಳುತ್ತವೆ. ನಮ್ಮ ತಾಲ್ಲೂಕು ಊರುಗಳಲ್ಲಿ ಗಿಟಾರ್ ತಂತಿ ಎಂದು ಕೇಳಿದರೆ ಅಂಗಡಿಯವರು ಮೊದಲು ಕೊಡುವುದು ಅಕೌಸ್ಟಿಕ್ ಸೆಟ್ ಆಗಿರಬಹುದು. ಪೊಟ್ಟಣದ ಮೇಲೆ ಎಲೆಕ್ಟ್ರಿಕ್, ನಿಕ್ಕೆಲ್ ಎಂದು ಬರೆದಿದೆಯೇ ನೋಡಿ ತೆಗೆದುಕೊಳ್ಳಬೇಕು. ಒಂಬತ್ತರ ಸೆಟ್, ಹತ್ತರ ಸೆಟ್ ಎನ್ನುವ ಲೆಕ್ಕ ಮೊದಲ ತಂತಿಯ ದಪ್ಪದ್ದು. ಗಿಟಾರ್ ಯಾವುದಕ್ಕೆ ಒಗ್ಗಿದೆಯೋ ಅದನ್ನೇ ಮುಂದುವರಿಸುವುದು ಒಳ್ಳೆಯದು. ದಪ್ಪ ಬದಲಾದರೆ ಕತ್ತಿನ ಬಾಗು, ಬ್ರಿಜ್ಜಿನ ಎತ್ತರ ಎಲ್ಲವನ್ನೂ ಮತ್ತೆ ಹೊಂದಿಸಬೇಕಾಗುತ್ತದೆ.

ಇನ್ನು ಬದಲಿಸುವ ಕೆಲಸ. ಬ್ರಿಜ್ಜಿಗೆ ಸ್ಪ್ರಿಂಗ್ ಇರುವ, ಕೋಲು ಒತ್ತಿ ಸ್ವರ ಅಲುಗಿಸುವ ಗಿಟಾರಾದರೆ ಆರೂ ತಂತಿಯನ್ನು ಒಮ್ಮೆಲೇ ಬಿಚ್ಚಬಾರದು. ಮುಂದಿನ ತಂತಿಗಳ ಜಗ್ಗು, ಹಿಂದಿನ ಸ್ಪ್ರಿಂಗುಗಳ ಜಗ್ಗು ಎರಡೂ ಸಮ ಇದ್ದಾಗಲೇ ಬ್ರಿಜ್ ತನ್ನ ಜಾಗದಲ್ಲಿ ನಿಲ್ಲುವುದು. ಒಂದು ಬಿಚ್ಚಿ ಒಂದು ಹಾಕುತ್ತ ಹೋದರೆ ತೊಂದರೆಯಿಲ್ಲ. ಸ್ಪ್ರಿಂಗ್ ಇಲ್ಲದ ಗಟ್ಟಿ ಬ್ರಿಜ್ಜಾದರೆ ಎಲ್ಲ ಬಿಚ್ಚಿ, ಫ್ರೆಟ್ಟುಗಳ ನಡುವಿನ ಕೊಳೆ ತೆಗೆದು, ಮರವನ್ನು ಒರೆಸಲು ಇದೇ ಸಮಯ. ಬಿಗಿ ಇರುವಾಗ ತಂತಿ ಕತ್ತರಿಸುವ ಕೆಲಸ ಮಾತ್ರ ಬೇಡ. ಅದು ಹಾರಿ ಮುಖಕ್ಕೆ ಬಡಿಯುತ್ತದೆ. ಮೊದಲು ಸಡಿಲು ಮಾಡಿ, ಆಮೇಲೆ ಇಕ್ಕಳ.

ಹೊಸ ತಂತಿಯ ಒಂದು ತುದಿಯಲ್ಲಿ ಹಿತ್ತಾಳೆಯ ಪುಟ್ಟ ಗುಂಡು ಇರುತ್ತದೆ. ಅದು ಬ್ರಿಜ್ಜಿನಲ್ಲಿ ಸಿಕ್ಕಿಕೊಳ್ಳುವಂತೆ ತಂತಿಯನ್ನು ಪೋಣಿಸಿ, ಇನ್ನೊಂದು ತುದಿಯನ್ನು ಖುಂಟಿಯ ತೂತಿನಲ್ಲಿ ತೂರಿಸಬೇಕು. ಪೂರ್ತಿ ಜಗ್ಗಿ ಹಿಡಿಯಬಾರದು. ಸುಮಾರು ಐದು ಸೆಂಟಿಮೀಟರ್ ಸಡಿಲು ಬಿಡಬೇಕು. ಅಷ್ಟು ಬಿಟ್ಟರೆ ದಪ್ಪ ತಂತಿಗೆ ಎರಡು ಮೂರು, ತೆಳು ತಂತಿಗೆ ನಾಲ್ಕರ ಆಸುಪಾಸು ಸುತ್ತು ಬೀಳುತ್ತದೆ. ತೂತಿನ ಆಚೆ ಉಳಿದ ಬಾಲವನ್ನು ಕತ್ತರಿಸುವ ಮೊದಲು ಮಡಚಬೇಕು. ಸುತ್ತು ತಂತಿಯನ್ನು ಮಡಚದೆ ಕತ್ತರಿಸಿದರೆ ಮೇಲಿನ ಎಳೆ ಬಿಚ್ಚಿಕೊಳ್ಳುತ್ತ ಬಂದು ತಂತಿ ಅಂದೇ ಕೆಡುತ್ತದೆ. ತಂತಿ ಖುಂಟಿಯ ಒಳಮಗ್ಗುಲಿಗೆ ಬರಬೇಕು, ಪ್ರತಿ ಹೊಸ ಸುತ್ತು ಹಳೆಯದರ ಕೆಳಗೆ ಇಳಿಯುತ್ತ ಹೋಗಬೇಕು. ಒಂದರ ಮೇಲೊಂದು ಹತ್ತಬಾರದು.

ರಬಕವಿ-ಬನಹಟ್ಟಿಯ ಮನೆಗಳಲ್ಲಿ ಕಂಡಿಕೆ ಸುತ್ತುವ ಹೆಣ್ಣುಮಕ್ಕಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೂಲು ಒಂದೇ ಬಿಗಿಯಲ್ಲಿ, ಎಳೆಯ ಮಗ್ಗುಲಿಗೆ ಎಳೆ ಕೂಡುತ್ತ ಸುತ್ತಿಕೊಂಡರೆ ಲಾಳಿಯೊಳಗಿಂದ ಹೊಕ್ಕು ಸರಾಗ ಬಿಚ್ಚಿಕೊಳ್ಳುತ್ತದೆ. ಎಲ್ಲೋ ಒಂದು ಕಡೆ ಸಡಿಲ ಬಿದ್ದು ಎಳೆ ಎಳೆಯ ಮೇಲೇರಿತೆಂದರೆ ಅಲ್ಲಿ ಸಿಕ್ಕು, ಅಲ್ಲೇ ನೂಲು ಹರಿಯುವುದು, ಮಗ್ಗ ನಿಲ್ಲುವುದು. ಗಿಟಾರಿನ ಖುಂಟಿಯ ಮೇಲೂ ಹಾಗೆಯೇ. ಸುತ್ತು ಒಂದರ ಮೇಲೊಂದು ಹತ್ತಿ ಕೂತರೆ ಆ ಕ್ಷಣಕ್ಕೆ ಏನೂ ಗೊತ್ತಾಗುವುದಿಲ್ಲ. ಹಾಡಿನ ನಡುವೆ ತಂತಿಯನ್ನು ಜಗ್ಗಿ ನುಡಿಸಿದಾಗ ಮೇಲಿನ ಸುತ್ತು ಜಾರಿ ಕೆಳಗಿಳಿಯುತ್ತದೆ, ಸ್ವರ ಅಷ್ಟಕ್ಕೆ ಇಳಿದುಬಿಡುತ್ತದೆ. ನೇಕಾರರ ಮನೆಯ ಹುಡುಗನ ಕೈಗೆ ಗಿಟಾರ್ ಬಂದರೆ ತಂತಿ ಕಟ್ಟುವ ಅರ್ಧ ವಿದ್ಯೆ ಅವನಿಗೆ ಮನೆಯಿಂದಲೇ ಬಂದಿರುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ.

ಈ ವಿದ್ಯೆಯ ದೊಡ್ಡ ಪಾಠಶಾಲೆಯೂ ನಮಗೆ ದೂರವಿಲ್ಲ. ಜಮಖಂಡಿಯಿಂದ ಅಥಣಿ, ಕಾಗವಾಡದ ದಾರಿ ಹಿಡಿದರೆ ಗಡಿಯಾಚೆ ಸಿಗುವುದೇ ಮಿರಜ. ಜಮಖಂಡಿಯನ್ನು ಆಳಿದ ಪಟವರ್ಧನರದ್ದೇ ಇನ್ನೊಂದು ಕವಲು ಮಿರಜವನ್ನು ಆಳುತ್ತಿತ್ತು. ಕತ್ತಿ, ಆಯುಧ ಮಾಡುತ್ತಿದ್ದ ಶಿಕಲಗಾರ ಮನೆತನದವರು 19ನೇ ಶತಮಾನದಲ್ಲಿ ಸಂಸ್ಥಾನದ ಆಶ್ರಯದಲ್ಲಿ ತಂಬೂರಿ, ಸಿತಾರ್ ಮಾಡಲು ಕೂತರು. ಫರೀದಸಾಹೇಬ ಶಿಕಲಗಾರ ಈ ಕಸುಬಿನ ಮೂಲಪುರುಷ. ಪಂಢರಪುರ, ಮಂಗಳವೇಢೆ ಕಡೆಯ ಸೋರೆಬುರುಡೆ ಅಲ್ಲಿ ವಾದ್ಯವಾಗುತ್ತದೆ. 2024ರಲ್ಲಿ ಮಿರಜದ ಸಿತಾರ್, ತಂಬೂರಿಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಬಂತು. ಮಲ್ಲಿಕಾರ್ಜುನ ಮನಸೂರರು ನೀಲಕಂಠಬುವಾ ಅವರ ಹತ್ತಿರ ಕಲಿತದ್ದು ಇದೇ ಊರಿನಲ್ಲಿ. ಅಬ್ದುಲ್ ಕರೀಂ ಖಾನರು ಬಾಳಿದ್ದೂ ಇಲ್ಲೇ.

ಅಲ್ಲಿಯ ಕುಶಲಿಗಳು ತಂಬೂರಿಗೆ ತಂತಿ ಕಟ್ಟುವುದನ್ನು ಒಮ್ಮೆ ಕೂತು ನೋಡಬೇಕು. ನಡುವಿನ ಜೋಡಿ ತಂತಿ ಉಕ್ಕಿನದು, ಖರ್ಜದ್ದು, ಅಂದರೆ ಕೆಳ ಷಡ್ಜದ್ದು, ಹಿತ್ತಾಳೆಯದು. ಖುಂಟಿ ಮರದ್ದು, ಗಿಟಾರಿನ ಹಾಗೆ ಹಲ್ಲುಚಕ್ರ ಇಲ್ಲ, ಮರ ಮರವನ್ನು ಕಚ್ಚುವ ಹಿಡಿತವೇ ಎಲ್ಲ. ತಂತಿ ಏರಿದ ಮೇಲೆ ಜವಾರಿಯ ಕೆಲಸ. ಘೋಡಿ ಎಂದರೆ ತಂಬೂರಿಯ ಬ್ರಿಜ್. ಅದರ ಚಪ್ಪಟೆ ಬೆನ್ನಿನ ಮೇಲೆ, ತಂತಿಯ ಅಡಿಗೆ ಒಂದು ತುಂಡು ನೂಲು ಸಿಕ್ಕಿಸಿ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಾರೆ. ಒಂದು ಬಿಂದುವಿನಲ್ಲಿ ತಂತಿ ಘೋಡಿಯನ್ನು ಸೋಕುತ್ತ ಬಿಡುತ್ತ ಕಂಪಿಸತೊಡಗುತ್ತದೆ, ಅದುವರೆಗೆ ಒಣಗಿದ್ದ ದನಿ ತುಂಬಿ ಬರುತ್ತದೆ. ಸಿ.ವಿ. ರಾಮನ್ ಅವರು 1921ರ ಪ್ರಬಂಧದಲ್ಲಿ ವೀಣೆ, ತಂಬೂರಿಗಳ ಈ ಘೋಡಿಯ ಗುಣವನ್ನೇ ವಿವರಿಸಿದ್ದರು: ಸಾಮಾನ್ಯ ತಂತಿಯಲ್ಲಿ ಕೇಳಬಾರದ ಮೇಲಿನ ಸ್ವರಗಳು ಇಲ್ಲಿ ಕೇಳಿಬರುತ್ತವೆ. ಗಿಟಾರಿನಲ್ಲಿ ಇಂಥ ಸೋಕು ದೋಷ. ತಂತಿ ಫ್ರೆಟ್ಟಿಗೆ ತಾಗಿ ಜರ್ರೆಂದರೆ ಬ್ರಿಜ್ ಎತ್ತರಿಸಬೇಕಾಗುತ್ತದೆ. ಒಂದು ವಾದ್ಯ ಬೇಡಿ ಪಡೆಯುವುದನ್ನು ಇನ್ನೊಂದು ದೂರ ಇಡುತ್ತದೆ, ಆದರೆ ಎರಡಕ್ಕೂ ಬೇಕಾಗಿರುವುದು ಅದೇ ಕಿವಿ, ಅದೇ ಸೂಕ್ಷ್ಮ ಕೈ. ತಂಬೂರಿ ಕಟ್ಟುವವನಿಗೆ ನಾವು ಕೈಮುಗಿಯುತ್ತೇವೆ. ಗಿಟಾರಿನ ತಂತಿ ಬದಲಿಸುವುದನ್ನು ಟ್ಯೂಬ್‌ಲೈಟ್ ಬದಲಿಸಿದಷ್ಟೇ ಹಗುರ ಮಾಡಿಕೊಂಡಿದ್ದೇವೆ. ಇದು ಸರಿಯಲ್ಲ.

ಗಡಿಯ ಎರಡೂ ಬದಿ ಮೆರವಣಿಗೆಗಳಲ್ಲಿ ಕೇಳುವ ಬ್ಯಾಂಜೊ ಕೂಡ ಇದೇ ಕುಲದ್ದು. ಕಟ್ಟಿಗೆಯ ಪೆಟ್ಟಿಗೆ, ಟೈಪ್‌ರೈಟರಿನಂಥ ಗುಂಡಿ, ಉಕ್ಕಿನ ತಂತಿ, ಅಡಿಯಲ್ಲಿ ಪಿಕಪ್. ಅದರ ತಂತಿ ಕಟ್ಟಿ ಗೊತ್ತಿದ್ದವನು ಗಿಟಾರಿಗೆ ಹೆದರಬೇಕಿಲ್ಲ. ತತ್ವಪದದವರ ಏಕತಾರಿಯದು ಇನ್ನೂ ಸರಳ: ಒಂದೇ ತಂತಿ, ಒಂದೇ ಖುಂಟಿ.

ತಂತಿ ಕಟ್ಟಿದ್ದಾಯಿತು. ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಹೊಸ ತಂತಿ ಶ್ರುತಿಯಲ್ಲಿ ನಿಲ್ಲದಿರುವುದಕ್ಕೆ ಹೆಚ್ಚಿನ ಪಾಲು ಕಾರಣ ಖುಂಟಿಯ ಸುತ್ತುಗಳು ಇನ್ನೂ ಬಿಗಿದು ಕೂತಿರದೇ ಇರುವುದು. ನಡುವೆ ಬೆರಳು ಹಾಕಿ ತಂತಿಯನ್ನು ಮೆಲ್ಲಗೆ ಮೇಲೆತ್ತಬೇಕು, ಇಳಿದ ಸ್ವರವನ್ನು ಮತ್ತೆ ಏರಿಸಬೇಕು. ಎತ್ತಿದರೂ ಇಳಿಯದ ತನಕ ಇದನ್ನು ಮಾಡುತ್ತಿರಬೇಕು. ಸ್ವರ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಬರಲಿ. ಹೆಚ್ಚಾಯಿತು ಎಂದರೆ ಪೂರಾ ಇಳಿಸಿ ಮತ್ತೆ ಏರಿಸಿ, ಆಗ ಹಲ್ಲುಚಕ್ರದಲ್ಲಿ ಸಡಿಲು ಉಳಿಯುವುದಿಲ್ಲ. ಏರಿಸುವಾಗ ಕತ್ತಿನ ತುದಿಯ ನಟ್ಟಿನಲ್ಲಿ ಟಿಕ್ ಎಂದು ಸದ್ದು ಬಂದರೆ ತಂತಿ ಅಲ್ಲಿ ಸಿಕ್ಕಿಕೊಳ್ಳುತ್ತಿದೆ. ತಂತಿ ಕೂರುವ ಗೀರಿಗೆ ಪೆನ್ಸಿಲಿನ ಸೀಸ ತಿಕ್ಕಿದರೆ ಸಾಕು, ಜಾರತೊಡಗುತ್ತದೆ.

ನಮ್ಮ ಕಡೆಯ ಬೇಸಿಗೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಉಕ್ಕು ಕಾದರೆ ಹಿಗ್ಗುತ್ತದೆ, ಬಿಗಿತ ಇಳಿಯುತ್ತದೆ, ಸ್ವರ ಕೆಳಗೆ ಸರಿಯುತ್ತದೆ. ಸಂಜೆ ಮಂಟಪದ ನೆರಳಲ್ಲಿ ಶ್ರುತಿ ಮಾಡಿಟ್ಟ ಗಿಟಾರ್ ದೊಡ್ಡ ಹ್ಯಾಲೊಜನ್ ದೀಪದ ಕೆಳಗೆ ಬಂದ ಕೂಡಲೇ ಬೇರೆಯೇ ಮಾತಾಡುತ್ತದೆ. ವೇದಿಕೆಯ ಮೇಲೆ, ದೀಪ ಹೊತ್ತಿಸಿದ ನಂತರ ಇನ್ನೊಮ್ಮೆ ಶ್ರುತಿ ನೋಡಲೇಬೇಕು. ಕಾರ್ಯಕ್ರಮ ಮುಗಿದ ಮೇಲೆ ತಂತಿಯ ಮೇಲೆ ಅಡಿಗೆ ಎರಡೂ ಕಡೆ ಒಣಬಟ್ಟೆಯಿಂದ ಒರೆಸುವ ಒಂದು ರೂಢಿಯಿಂದ ತಂತಿಯ ಆಯುಷ್ಯ ಎಷ್ಟೋ ಉದ್ದವಾಗುತ್ತದೆ. ಬೆವರಿನ ಉಪ್ಪು ರಾತ್ರಿಯಿಡೀ ಪೆಟ್ಟಿಗೆಯಲ್ಲಿ ಉಕ್ಕನ್ನು ತಿನ್ನಲು ಬಿಡಬಾರದು. ಇದಕ್ಕೆ ಬನಹಟ್ಟಿಯ ಮಗ್ಗದ ಹಳೆ ಹತ್ತಿ ಬಟ್ಟೆಗಿಂತ ಒಳ್ಳೆಯದು ಬೇಕಿಲ್ಲ. ಸೀಜನ್ನಿನಲ್ಲಿ ವಾರಕ್ಕೆರಡು ಕಾರ್ಯಕ್ರಮ ಇರುವವರು ತಿಂಗಳಿಗೊಮ್ಮೆ ಪೂರ್ತಿ ಸೆಟ್ ಬದಲಿಸುವುದು ಲೇಸು, ಅದೂ ದೊಡ್ಡ ಜಾತ್ರೆಗೆ ಎರಡು ದಿನ ಮೊದಲು. ಒಂದು ಹರಿದರೆ ಅದೊಂದನ್ನೇ ಹಾಕಿದರಾಯಿತು ಎನ್ನುವವರಿದ್ದಾರೆ. ವೇದಿಕೆಯ ಮೇಲೆ ಅದೇ ಸರಿ, ಬೇರೆ ದಾರಿಯಿಲ್ಲ. ಮನೆಗೆ ಬಂದ ಮೇಲೆ ಉಳಿದ ಐದನ್ನೂ ತೆಗೆಯಬೇಕು, ಹೊಸದರ ಪಕ್ಕದಲ್ಲಿ ಹಳೆಯವುಗಳ ಮಂಕು ಇನ್ನಷ್ಟು ಎದ್ದು ಕೇಳುತ್ತದೆ. ಚೀಲದಲ್ಲಿ ಮೊದಲ ಮೂರು ತಂತಿ ಬಿಡಿಯಾಗಿ, ಒಂದು ಇಕ್ಕಳ, ಒಂದು ಪೆನ್ಸಿಲ್ ಯಾವಾಗಲೂ ಇರಲಿ.

ಬಿಚ್ಚಿದ ಹಳೆ ತಂತಿಗಳನ್ನು ಅಂಗಳಕ್ಕೆ, ತಿಪ್ಪೆಗೆ ಎಸೆಯಬೇಡಿ. ಕತ್ತರಿಸಿದ ತುದಿ ಸೂಜಿಯಷ್ಟೇ ಚೂಪು, ಬರಿಗಾಲಿನ ಮಕ್ಕಳಿಗೆ ಚುಚ್ಚುತ್ತದೆ. ಕಣಿಕಿಯ ಜೊತೆ ದನದ ಹೊಟ್ಟೆಗೆ ಹೋದ ತಂತಿ ಚೂರು ಜಠರದ ಗೋಡೆ ತೂರಿ ಗುಂಡಿಗೆಯವರೆಗೆ ಹೋಗಬಲ್ಲದು ಎಂದು ಪಶುವೈದ್ಯರು ಹೇಳುತ್ತಾರೆ. ಆರನ್ನೂ ಸಣ್ಣ ಸುರುಳಿ ಮಾಡಿ, ಹೊಸ ಸೆಟ್ ಬಂದ ಪೊಟ್ಟಣದಲ್ಲೇ ತುಂಬಿ, ಮೇಲೊಂದು ಟೇಪ್ ಸುತ್ತಿ ಗುಜರಿಯವನಿಗೆ ಕೊಡಿ.