ಓಮ್ನಿಯ ಎಕ್ಸಿಲರೇಟರ್ ಕೇಬಲ್ ಎರಡೆರಡು ಸಲ ಬದಲಿಸಿದ ಕಥೆ

ಬೆಳಗ್ಗೆ ಸುಬಹಿ ಮುಗಿಸಿ ಮದ್ರಸದ ಗೇಟು ತೆರೆಯುವಾಗ ನಾವು ಮೊದಲು ಕಿವಿಗೊಡುವುದು ನಮ್ಮ ಓಮ್ನಿಯ ಸದ್ದಿಗೆ. ಗುಡ್ಡದ ಮೇಲಿನ ಮನೆಗಳ ಮಕ್ಕಳು ಬರುವುದು ಅದರಲ್ಲೇ. ಮಾರುತಿಯವರು 1984ರಲ್ಲಿ ಶುರು ಮಾಡಿ 2019ರಲ್ಲಿ ನಿಲ್ಲಿಸಿದ ಗಾಡಿ ಅದು. ಆದರೂ ನಮ್ಮ ಕರಾವಳಿಯಲ್ಲಿ ಮೀನು, ತೆಂಗಿನಕಾಯಿ, ಮದುವೆ ಮನೆಯ ಪಾತ್ರೆ, ಮದ್ರಸದ ಮಕ್ಕಳು ಎಲ್ಲಕ್ಕೂ ಇನ್ನೂ ಅದೇ ಓಡುತ್ತಿದೆ. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ ಮುಂದಿನ ಸೀಟಿನ ಅಡಿಯಲ್ಲೇ ಇರುತ್ತದೆ, ಕೂತವರಿಗೆ ಬಿಸಿ ತಾಗುವುದೂ ಅದಕ್ಕೇ.

ಕಳೆದ ಮಳೆಗಾಲದಲ್ಲಿ ಡ್ರೈವರ್ ಕಾಕ ಎರಡು ಮೂರು ಸಲ ಹೇಳಿದ್ದರು, "ಉಸ್ತಾದರೇ, ಪೆಡಲ್ ಗಟ್ಟಿಯಾಗಿದೆ, ಕಾಲು ತೆಗೆದರೂ ಬೇಗ ಮೇಲೆ ಬರುವುದಿಲ್ಲ." ನಾವು ಕಮಿಟಿಗೆ ಹೇಳೋಣ ಅಂದೆವು, ಹೇಳಲಿಲ್ಲ. ಒಂದು ಬೆಳಗ್ಗೆ ಏಳು ಮಕ್ಕಳನ್ನು ಕೂರಿಸಿಕೊಂಡು ಇಳಿಜಾರಿಗೆ ಬರುವಾಗ ಪೆಡಲ್ ಕೆಳಗೇ ನಿಂತುಬಿಟ್ಟಿತು. ಕಾಲು ತೆಗೆದರೂ ಎಂಜಿನ್ ಕಿರುಚುತ್ತಿತ್ತು. ಕಾಕ ಕ್ಲಚ್ ಒತ್ತಿ, ಬ್ರೇಕ್ ಹಿಡಿದು, ಕೀ ತಿರುಗಿಸಿ ಎಂಜಿನ್ ಆಫ್ ಮಾಡಿ ಬದಿಗೆ ನಿಲ್ಲಿಸಿದರು. ಕೀ ಹೊರಗೆ ಎಳೆಯಲಿಲ್ಲ. ಎಳೆದಿದ್ದರೆ ಸ್ಟೇರಿಂಗ್ ಲಾಕ್ ಆಗುತ್ತಿತ್ತು. ಇದನ್ನು ಮನೆಯಲ್ಲಿ ಗಾಡಿ ಓಡಿಸುವ ಎಲ್ಲರೂ ತಿಳಿದಿರಬೇಕು, ಹೆಂಗಸರೂ ಸೇರಿ. ಮಕ್ಕಳು ಹತ್ತುವಾಗ ದುಆ ಹೇಳಿದ್ದರು, ಅಲ್‌ಹಮ್ದುಲಿಲ್ಲಾಹ್, ಯಾರಿಗೂ ಗೀರೂ ಆಗಲಿಲ್ಲ. ಆದರೆ ಕಾಕನ ಮುಖ ನೋಡಿದಾಗ ನಮಗೆ ತಲೆ ಎತ್ತಲಾಗಲಿಲ್ಲ.

ಕೇಬಲ್ ಅಂದರೆ ದೊಡ್ಡ ಯಂತ್ರವೇನಲ್ಲ. ತೆಳ್ಳನೆಯ ಉಕ್ಕಿನ ಎಳೆಗಳನ್ನು ಹುರಿ ಮಾಡಿದ ತಂತಿ ಒಳಗೆ, ಅದಕ್ಕೊಂದು ಕವಚ ಹೊರಗೆ. ಪೆಡಲ್ ಒತ್ತಿದರೆ ತಂತಿ ಎಳೆದು ಎಂಜಿನ್ನಿಗೆ ಗಾಳಿ ಹೋಗುವ ದಾರಿಯ ತಟ್ಟೆಯನ್ನು ತೆರೆಯುತ್ತದೆ, ಬಿಟ್ಟರೆ ಸ್ಪ್ರಿಂಗ್ ಅದನ್ನು ಮುಚ್ಚುತ್ತದೆ. ನಮ್ಮದರಲ್ಲಿ ಪೆಡಲಿನ ಹತ್ತಿರ ತಂತಿಯ ನಾಲ್ಕೈದು ಎಳೆ ತುಂಡಾಗಿ, ಮೀನಿನ ಮುಳ್ಳಿನ ಹಾಗೆ ಕವಚದ ಬಾಯಿಗೆ ಸಿಕ್ಕಿಕೊಂಡಿದ್ದವು. ನಮ್ಮೂರಿನ ಉಪ್ಪುಗಾಳಿ, ಮಳೆ, ತುಕ್ಕು ಎಲ್ಲ ಸೇರಿ ಆದದ್ದು.

ಪೇಟೆಯ ಒಂದು ಗ್ಯಾರೇಜಿನಲ್ಲಿ ಅರ್ಧ ಗಂಟೆಯಲ್ಲಿ ಹೊಸ ಕೇಬಲ್ ಹಾಕಿಕೊಟ್ಟರು. ಮೂರು ವಾರ ಆಗುವಷ್ಟರಲ್ಲಿ ಮತ್ತೆ ಅದೇ ಬಿಗಿ! ಕೇಬಲ್ ಡೂಪ್ಲಿಕೇಟ್ ಇರಬೇಕು ಅಂತ ನಾವು ಅಂಗಡಿಯವರನ್ನು ಮನಸ್ಸಿನಲ್ಲೇ ಬೈದೆವು. ಅದು ತಪ್ಪು.

ಈ ಸಲ ಊರಿನ ಹಳೆಯ ಮೆಕ್ಯಾನಿಕ್ ಒಬ್ಬರನ್ನು ಕರೆದೆವು. ಅವರು ಸೀಟು ಎತ್ತಿ ಕೇಬಲ್ ಬಿಚ್ಚಿ, ಕವಚದ ಒಳಗಿನ ಪ್ಲಾಸ್ಟಿಕ್ ಕೊಳವೆ ನೋಡಿ, "ಇದು ಸವೆದದ್ದಲ್ಲ, ಕರಗಿದ್ದು" ಅಂದರು. ಆಮೇಲೆ ಕೇಳಿದರು, "ಸ್ಟಾರ್ಟ್ ಮಾಡುವಾಗ ಎಳೆಯುತ್ತದಾ?" ಹೌದು, ಎಷ್ಟೋ ದಿನದಿಂದ ಎಳೆಯುತ್ತಿತ್ತು. ನಾವು ಬ್ಯಾಟರಿ ಹಳೆಯದಾಯಿತು ಅಂದುಕೊಂಡಿದ್ದೆವು.

ಸಂಗತಿ ಹೀಗೆ. ಎಂಜಿನ್ ಕೂತಿರುವುದು ರಬ್ಬರಿನ ಮೇಲೆ. ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಆದ್ದರಿಂದ ಎಂಜಿನ್ನಿನಿಂದ ಬಾಡಿಗೆ ಒಂದು ಅರ್ತ್ ಪಟ್ಟಿ ಕಟ್ಟಿರುತ್ತಾರೆ. ನಮ್ಮದರ ಪಟ್ಟಿ ಬೋಲ್ಟಿನ ಹತ್ತಿರ ತುಕ್ಕು ತಿಂದು ಹೆಸರಿಗೆ ಮಾತ್ರ ಅಂಟಿಕೊಂಡಿತ್ತು. ಸ್ಟಾರ್ಟರ್ ಮೋಟಾರಿಗೆ ಬೇಕಾದ ಭಾರೀ ಕರೆಂಟ್ ಬೇರೆ ದಾರಿ ಹುಡುಕಿ ಎಂಜಿನ್ನನ್ನೂ ಬಾಡಿಯನ್ನೂ ಮುಟ್ಟಿಕೊಂಡಿದ್ದ ಎಕ್ಸಿಲರೇಟರ್ ಕೇಬಲಿನಲ್ಲೇ ಹರಿಯುತ್ತಿತ್ತು. ಪ್ರತಿ ಬೆಳಗ್ಗೆ ಕೇಬಲ್ ಕಾದು ಒಳಗಿನ ಕೊಳವೆ ಕರಗುತ್ತಿತ್ತು. ಸ್ಟಾರ್ಟ್ ಮಾಡಿದ ಕೂಡಲೇ ಕೇಬಲ್ ಮುಟ್ಟಿ ನೋಡಿದ್ದರೆ ನಮಗೇ ಗೊತ್ತಾಗುತ್ತಿತ್ತು ಅಂದರು ಅವರು. ಆದರೆ ಮುಟ್ಟಿ ನೋಡಬೇಕು ಅಂತ ಯಾರಿಗೆ ಹೊಳೆಯುತ್ತದೆ?

ಮೊದಲು ಪಟ್ಟಿ ಬದಲಿಸಿ, ಬೋಲ್ಟಿನ ಜಾಗ ಉಜ್ಜಿ ಲೋಹ ಹೊಳೆಯುವ ಹಾಗೆ ಮಾಡಿದರು. ಕೇಬಲ್ ಹಾಕಿದ್ದು ಆಮೇಲೆ. ಹಾಕುವ ಕ್ರಮವನ್ನೂ ಪಕ್ಕದಲ್ಲೇ ಕೂತು ನೋಡಿದೆವು. ಎಂಜಿನ್ ತಣ್ಣಗಿರಬೇಕು. ಹಳೆಯದನ್ನು ಎಳೆಯುವ ಮೊದಲು ಅದರ ತುದಿಗೆ ದಾರ ಕಟ್ಟಿದರು, ಹೊಸದು ಅದೇ ದಾರಿಯಲ್ಲಿ ಬರಲಿ ಅಂತ. ಹಳೆಯದು ಹೊಸದು ಪಕ್ಕದಲ್ಲಿಟ್ಟು ಉದ್ದ ನೋಡಿದರು. ಎಲ್ಲೂ ಚೂಪಾಗಿ ಮಡಚಬಾರದು, ಸೈಲೆನ್ಸರ್ ಪೈಪಿಗೆ ತಾಗಬಾರದು. ನಾವು ಗ್ರೀಸ್ ಡಬ್ಬ ತಂದು ಕೊಟ್ಟರೆ ನಕ್ಕು ಬದಿಗಿಟ್ಟರು. ಒಳಗೆ ಪ್ಲಾಸ್ಟಿಕ್ ಕೊಳವೆ ಇರುವ ಕೇಬಲಿಗೆ ಗ್ರೀಸ್ ಹಾಕಿದರೆ ಧೂಳು ಹಿಡಿದು ಇನ್ನೂ ಬಿಗಿಯಾಗುತ್ತದಂತೆ.

ಕೊನೆಗೆ ಎಂಜಿನ್ ಆಫ್ ಇರುವಾಗಲೇ ಕಾಕ ಪೆಡಲನ್ನು ಪೂರ್ತಿ ಒತ್ತಿ ಹಿಡಿದರು. ಇವರು ತಟ್ಟೆ ಪೂರ್ತಿ ತೆರೆಯಿತಾ ನೋಡಿದರು. ಬಿಟ್ಟಾಗ ಟಕ್ ಅಂತ ಪೂರ್ತಿ ಮುಚ್ಚಬೇಕು, ತಂತಿಯಲ್ಲಿ ಸ್ವಲ್ಪವೇ ಸಡಿಲು ಉಳಿಯಬೇಕು. ಬಿಗಿ ಮಾಡಿದರೆ ಎಂಜಿನ್ ನಿಂತಲ್ಲೇ ಜೋರಾಗಿ ಓಡುತ್ತದೆ, ತೀರಾ ಸಡಿಲಾದರೆ ಗುಡ್ಡ ಹತ್ತುವುದಿಲ್ಲ. ಎರಡು ನಟ್ಟು ಆಚೆ ಈಚೆ ತಿರುಗಿಸಿ ಹದ ಮಾಡುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು.

ಬಿಲ್ಲನ್ನು ಕಮಿಟಿಯ ಮುಂದಿಟ್ಟಾಗ ಒಬ್ಬರು, ಎರಡು ತಿಂಗಳಲ್ಲಿ ಎರಡು ಕೇಬಲ್ ಯಾಕೆ ಅಂತ ಕೇಳಿದರು. ಕರಗಿದ ಕವಚವನ್ನು ಮೇಜಿನ ಮೇಲಿಟ್ಟೆವು. ಕಾಕ ಪೆಡಲ್ ವಿಷಯ ಹೇಳಿದಾಗ ನಾವು ಸುಮ್ಮನಿದ್ದದ್ದನ್ನೂ ಹೇಳಿಬಿಟ್ಟೆವು. ಈಗ ಗಾಡಿಯಲ್ಲಿ ಒಂದು ನೋಟ್ ಪುಸ್ತಕ ಇದೆ. ಕಾಕ ಏನು ಹೇಳಿದರೂ ಅದರಲ್ಲಿ ಬರೆಯುತ್ತೇವೆ, ಶುಕ್ರವಾರ ಜುಮಾ ಆದ ಮೇಲೆ ಕಾರ್ಯದರ್ಶಿಯವರು ಸಹಿ ಹಾಕುತ್ತಾರೆ. ಕಳೆದ ವಾರದ ಸಾಲು: ಹಿಂದಿನ ಎಡ ಟಯರು ಸವೆದಿದೆ.