ಒಂದು ಕಿವಿಗೆ ಕೇಳಿಸಿದ ಅಷ್ಟೂ ನಾದ

ನೀರಿನ ಖಾಲಿ ಕ್ಯಾನು! ‘ಕ್ಯಾರೊಲಿನ್, ನೋ’ ಹಾಡಿನ ಬಾಗಿಲಲ್ಲೇ ಗುಹೆಯೊಳಗಿಂದ ಬಂದಂತೆ ಮಾರ್ದನಿಸುವ ಆ ಪೆಟ್ಟು ಯಾವ ವಾದ್ಯದ್ದು ಎಂದು ಹುಡುಕುತ್ತ ಹೋದರೆ ಸಿಕ್ಕಿದ್ದು ಕುಡಿಯುವ ನೀರಿನ ಖಾಲಿ ಕ್ಯಾನು. ಬಾರಿಸಿದವರು ಹ್ಯಾಲ್ ಬ್ಲೇನ್, ಆಗ ಲಾಸ್ ಏಂಜಲೀಸಿನ ಸ್ಟುಡಿಯೊಗಳೆಲ್ಲ ಬಯಸುತ್ತಿದ್ದ ಡ್ರಮ್ ವಾದಕ. ಇದು ತಿಳಿದ ಮೇಲೆ ಸುಮ್ಮನೆ ಕೂರುವುದು ಹೇಗೆ? ಉಳಿದ ಹಾಡುಗಳಲ್ಲಿ ಇನ್ನೇನೇನು ಅಡಗಿದೆಯೋ!

ಆಲ್ಬಮ್ಮಿನ ಹೆಸರು ‘ಪೆಟ್ ಸೌಂಡ್ಸ್’. ಕ್ಯಾಲಿಫೋರ್ನಿಯಾದ ಬೀಚ್ ಬಾಯ್ಸ್ ತಂಡದ್ದು, ಬಿಡುಗಡೆಯಾದದ್ದು 1966ರ ಮೇ 16ರಂದು. ಹದಿಮೂರು ಹಾಡು, ಮೂವತ್ತಾರು ನಿಮಿಷ. ಅಲ್ಲಿಯವರೆಗೆ ಅಲೆಯ ಮೇಲಿನ ಸವಾರಿ, ಕಾರು, ಬೇಸಿಗೆ ಎಂದು ಕುಣಿಸುತ್ತಿದ್ದ ಹುಡುಗರು ಇವರು. ಹಾಡು ಕಟ್ಟುತ್ತಿದ್ದ ಬ್ರಯಾನ್ ವಿಲ್ಸನ್‌ಗೆ 1964ರ ಡಿಸೆಂಬರಿನಲ್ಲಿ ಹ್ಯೂಸ್ಟನ್ ಕಡೆಗೆ ಹಾರುತ್ತಿದ್ದ ವಿಮಾನದಲ್ಲಿ ಎದೆಯೊಡೆಯುವಂಥ ದಿಗಿಲು ಕವಿಯಿತು. ಊರೂರು ತಿರುಗಿ ಹಾಡುವುದು ಅಲ್ಲಿಂದಾಚೆಗೆ ಅವನಿಂದಾಗಲಿಲ್ಲ. 1966ರ ಜನವರಿಯಲ್ಲಿ ಗೆಳೆಯರು ಜಪಾನಿನ ವೇದಿಕೆಗಳಲ್ಲಿದ್ದರೆ ಇವನು ಹಾಲಿವುಡ್ಡಿನ ಸ್ಟುಡಿಯೊದಲ್ಲಿ. ಸಾಹಿತ್ಯಕ್ಕೆ ಜೊತೆಯಾದದ್ದು ಟೋನಿ ಆಶರ್ ಎಂಬ ಜಾಹೀರಾತು ಬರಹಗಾರ. ಬ್ರಯಾನ್‌ಗೆ ಆಗ ಬರೀ 23 ವರ್ಷ!

ಈಗ ನನ್ನನ್ನು ಬೆರಗಾಗಿಸಿದ ಸಂಗತಿ ಕೇಳಿ. ಬ್ರಯಾನ್‌ಗೆ ಬಲಗಿವಿ ಹೆಚ್ಚುಕಡಿಮೆ ಕೇಳಿಸುತ್ತಿರಲಿಲ್ಲ. ಎಡ ಬಲ ಎಂದು ಸದ್ದನ್ನು ಹಂಚುವ ಸ್ಟೀರಿಯೊ ಮನೆಮನೆಗೆ ಕಾಲಿಡುತ್ತಿದ್ದ ಕಾಲದಲ್ಲಿ ಅವನು ಇಡೀ ಆಲ್ಬಮ್ಮನ್ನು ಮೊನೊದಲ್ಲಿ ಬೆರೆಸಿದ. ಎಲ್ಲ ಸದ್ದೂ ಒಂದೇ ಕಿಂಡಿಯಿಂದ ಬರಬೇಕು. ಅಷ್ಟಾದರೂ ಏನು ಆಳ, ಎಂಥ ವಿಸ್ತಾರ! ಗುಟ್ಟು ವಾದ್ಯಗಳ ಬೆಸುಗೆಯಲ್ಲಿದೆ. ಒಂದೇ ಸ್ವರಸಾಲನ್ನು ಎರಡು ಬೇರೆ ವಾದ್ಯಗಳಿಗೆ ಕೊಟ್ಟು, ಹಾಲು ಜೇನು ಬೆರೆತಂತೆ ಬೆರೆಸಿ, ಲೋಕದಲ್ಲಿ ಎಲ್ಲೂ ಇಲ್ಲದ ಮೂರನೆಯ ವಾದ್ಯವೊಂದನ್ನು ಅವನು ಹುಟ್ಟಿಸುತ್ತಾನೆ. ‘ಗಾಡ್ ಓನ್ಲಿ ನೋಸ್’ ಕೇಳಿ: ಫ್ರೆಂಚ್ ಹಾರ್ನ್, ಅಕಾರ್ಡಿಯನ್, ಹಾರ್ಪ್ಸಿಕಾರ್ಡ್, ಕೊಳಲು, ಗೆಜ್ಜೆ, ಪಿಟೀಲುಗಳ ಹಿಂಡು. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತೆಂದು ಎಷ್ಟು ಕಿವಿಗೊಟ್ಟರೂ ಹಿಡಿಯಲಾರೆ. ಸ್ಟುಡಿಯೊದಲ್ಲಿ ಪಳಗಿದ ವಾದಕರೆಲ್ಲ ಒಂದೇ ಕೋಣೆಯಲ್ಲಿ ಒಟ್ಟಿಗೆ ನುಡಿಸುತ್ತಿದ್ದರು, ಬೇಸ್ ಗಿಟಾರಿನ ಕ್ಯಾರೊಲ್ ಕೇ ಅವರಲ್ಲೊಬ್ಬರು. ಆ ಮೇಳವನ್ನೆಲ್ಲ ಬ್ರಯಾನ್ ಟೇಪಿನ ಒಂದೇ ಟ್ರ್ಯಾಕಿಗೆ ಇಳಿಸಿ, ಉಳಿದ ಟ್ರ್ಯಾಕುಗಳನ್ನು ಕಂಠಗಳಿಗೆ ಮೀಸಲಿಡುತ್ತಿದ್ದ.

‘ಯೂ ಸ್ಟಿಲ್ ಬಿಲೀವ್ ಇನ್ ಮಿ’ ಹಾಡಿನ ಮೊದಲ ಮಿಡಿತಗಳಂತೂ! ಬ್ರಯಾನ್ ಪಿಯಾನೊದ ಕೀಲಿ ಒತ್ತುತ್ತಿದ್ದಾನೆ, ಆಶರ್ ಅದರ ಹೊಟ್ಟೆಯೊಳಕ್ಕೆ ಬಾಗಿ ತಲೆಪಿನ್ನಿನಂಥದ್ದರಿಂದ ತಂತಿ ಮೀಟುತ್ತಿದ್ದಾನೆ. ಅದೇ ಹಾಡಿನ ಕೊನೆಯಲ್ಲಿ ಸೈಕಲ್ಲಿನ ಗಂಟೆ, ಹಾರ್ನು. ಮೊದಲು ಅದು ಬಾಲ್ಯದ ಕುರಿತ ಹಾಡಾಗಬೇಕಿತ್ತಂತೆ. ಸಾಹಿತ್ಯ ಬದಲಾಯಿತು, ಸೈಕಲ್ ಅಲ್ಲೇ ಉಳಿಯಿತು. ಇಡೀ ಆಲ್ಬಮ್ಮಿನ ಕೊನೆಗೆ ರೈಲು ಹಾಯುತ್ತದೆ, ಬ್ರಯಾನ್ ಸಾಕಿದ್ದ ಬನಾನಾ, ಲೂಯಿ ಎಂಬ ನಾಯಿಗಳು ಬೊಗಳುತ್ತವೆ.

ಅಮೆರಿಕದ ಜನಪ್ರಿಯ ಆಲ್ಬಮ್ಮುಗಳ ಪಟ್ಟಿಯಲ್ಲಿ ‘ಪೆಟ್ ಸೌಂಡ್ಸ್’ ಏರಿದ್ದು ಹತ್ತನೆಯ ಸ್ಥಾನಕ್ಕೆ, ಬ್ರಿಟನ್ನಿನಲ್ಲಿ ಎರಡಕ್ಕೆ. ಬೀಟಲ್ಸ್‌ನ ‘ರಬ್ಬರ್ ಸೋಲ್’ ಆಲ್ಬಮ್ ಕೇಳಿ ಬ್ರಯಾನ್ ಕೆರಳಿದ್ದ, ಇದನ್ನು ಕೇಳಿ ಆ ತಂಡದ ಪಾಲ್ ಮೆಕಾರ್ಟ್ನಿ ಕೆರಳಿದರು. ‘ಪೆಟ್ ಸೌಂಡ್ಸ್’ ಇಲ್ಲದಿದ್ದರೆ ತಮ್ಮ ‘ಸಾರ್ಜೆಂಟ್ ಪೆಪ್ಪರ್’ ಆಲ್ಬಮ್ ಹುಟ್ಟುತ್ತಿರಲಿಲ್ಲ ಎಂದವರು ಬೀಟಲ್ಸ್‌ನ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರೇ.

1997ರಲ್ಲಿ ಆ ದಿನಗಳ ಧ್ವನಿಮುದ್ರಣಗಳು ಪೆಟ್ಟಿಗೆಯಾಗಿ ಹೊರಬಂದವು. ವಾದ್ಯಗಳನ್ನೆಲ್ಲ ತೆಗೆದು ಬರೀ ಕಂಠಗಳನ್ನೂ ಅದರಲ್ಲಿ ಕೊಟ್ಟಿದ್ದಾರೆ. ಕೇಳಲೇಬೇಕು! ‘ಗಾಡ್ ಓನ್ಲಿ ನೋಸ್’ ಹಾಡಿದವನು ಬ್ರಯಾನ್‌ನ 19ರ ತಮ್ಮ ಕಾರ್ಲ್. ಕೊನೆಯಲ್ಲಿ ಕಂಠಗಳು ಒಂದರ ಬೆನ್ನಿಗೊಂದು ಸುತ್ತುತ್ತ ಸಾಗುತ್ತವಲ್ಲ, ಆ ಭಾಗಕ್ಕೆ ಬರುವಷ್ಟರಲ್ಲಿ ಕಾರ್ಲ್ ದಣಿದು ಮನೆಗೆ ಹೋಗಿದ್ದನಂತೆ. ನಡುವಿನ ಎಳೆ ತಂಡದ ಇನ್ನೊಬ್ಬ ಗಾಯಕ ಬ್ರೂಸ್ ಜಾನ್‌ಸ್ಟನ್‌ರದು. ಮೇಲಿನದೂ ಕೆಳಗಿನದೂ, ಎರಡೂ ಬ್ರಯಾನ್‌ನವೇ!